‘ನಮ್ದೇ’ ಎನ್ನುವವರ ಬಳಗ

ಬೇಸ್‌ಬಾಲ್ ಎಂಬ ಅಮೆರಿಕದ ಆಟ ನಮ್ಮ ಹಳ್ಳಿಗಳಿಗೆ ಅಪರಿಚಿತ. ಆದರೆ ಆ ಆಟದ ಅಂಗಳದಿಂದ ಹೊರಟ ಒಂದು ಪದವನ್ನು ನಮ್ಮ ವಿದ್ಯಾರ್ಥಿಗಳು ದಿನಕ್ಕೆ ಹತ್ತು ಬಾರಿ ಬಳಸುತ್ತಾರೆ. ಅದು ‘ಫ್ಯಾನ್’. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಪತ್ರಿಕೆಗಳು ಬೇಸ್‌ಬಾಲ್ ನೋಡಲು ಹುಚ್ಚುಗಟ್ಟಿ ಬರುವ ಜನರನ್ನು ಈ ಹೆಸರಿನಿಂದ ಕರೆಯತೊಡಗಿದವು. ವಿವೇಕದ ಎಲ್ಲೆ ದಾಟಿದ ಭಕ್ತ ಎಂಬರ್ಥದ ‘ಫ್ಯಾನಟಿಕ್’ ಪದದ ಮೊಟಕು ರೂಪವಿದು ಎಂದು ನಿಘಂಟುಕಾರರಲ್ಲಿ ಹೆಚ್ಚಿನವರು ಹೇಳುತ್ತಾರೆ. ಅದರ ಬೇರಿನಲ್ಲಿರುವುದು ದೇವಾಲಯವೆಂಬ ಅರ್ಥದ ಲ್ಯಾಟಿನ್ ಪದ. ಅಂದರೆ ಆ ಹೆಸರಿನಲ್ಲಿ ಗುಡಿಯೂ ಇದೆ, ಮರುಳೂ ಇದೆ.

ಇದಕ್ಕೆ ಕನ್ನಡದಲ್ಲಿ ನಾವು ಆರಿಸಿಕೊಂಡ ಮಾತು ‘ಅಭಿಮಾನಿ’. ತೆಲುಗಿನವರೂ ಅದನ್ನೇ ಆರಿಸಿಕೊಂಡರು. ಮರಾಠಿಯಲ್ಲಿ ಹಾಗಲ್ಲ. ಅಲ್ಲಿ ‘ಅಭಿಮಾನಿ’ ಎಂದರೆ ಹೆಮ್ಮೆಯುಳ್ಳವನು, ಸ್ವಲ್ಪ ಬಿಗಿದ ಕುತ್ತಿಗೆಯವನು. ಆಟಗಾರನನ್ನೋ ನಟನನ್ನೋ ಮೆಚ್ಚಿ ಹಿಂಬಾಲಿಸುವವನು ‘ಚಾಹತಾ’, ಅಂದರೆ ಬಯಸುವವನು, ಪ್ರೀತಿಸುವವನು. ಎರಡೂ ನುಡಿಗಳಲ್ಲಿ ಶಾಲೆ ಕಲಿತ ನನ್ನಂಥವನಿಗೆ ಈ ವ್ಯತ್ಯಾಸ ಚಿಕ್ಕದೆಂದು ತೋರುವುದಿಲ್ಲ. ಮರಾಠಿಯ ಚಾಹತಾ ತನ್ನಿಂದ ಹೊರಗಿರುವ ಒಂದನ್ನು ಪ್ರೀತಿಸುತ್ತಾನೆ. ಕನ್ನಡದ ಅಭಿಮಾನಿ ತಾನು ಪ್ರೀತಿಸುವುದನ್ನು ತನ್ನ ಮಾನದೊಳಕ್ಕೆ ಸೇರಿಸಿಕೊಂಡುಬಿಡುತ್ತಾನೆ. ತಂಡ ಸೋತರೆ ತನ್ನ ಮಾನ ಹೋಯಿತೆನ್ನುತ್ತಾನೆ. ಸಾಂಖ್ಯ ದರ್ಶನದಲ್ಲಿ ಅಭಿಮಾನವೇ ಅಹಂಕಾರದ ಲಕ್ಷಣ: ‘ಇದು ನಾನು, ಇದು ನನ್ನದು’ ಎಂಬ ಅಂಟು. ಡಾ. ರಾಜಕುಮಾರ್ ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದಾಗ ಆ ಪದದಲ್ಲಿದ್ದ ಅಹಂಕಾರದ ಎಳೆ ಪೂರ್ತಿಯಾಗಿ ತೊಳೆದುಹೋಯಿತು. ಒಬ್ಬ ನಟನ ವಿನಯ ನಿಘಂಟಿನ ಅರ್ಥವನ್ನು ಬದಲಿಸಿದ ಅಪರೂಪದ ನಿದರ್ಶನವದು.

ಈ ಲೇಖನದ ವಿಷಯ ಒಬ್ಬೊಬ್ಬ ಅಭಿಮಾನಿಯಲ್ಲ, ಅಭಿಮಾನಿಗಳ ಬಳಗ. ಒಬ್ಬರನ್ನೊಬ್ಬರು ಎಂದೂ ಕಂಡಿರದ ಮೂವತ್ತು ಸಾವಿರ ಜನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗ್ಯಾಲರಿಗಳಲ್ಲಿ ಕುಳಿತು, ಮೂರು ಮೂರೂವರೆ ಗಂಟೆಗಳ ಮಟ್ಟಿಗೆ ಒಂದೇ ಮನೆಯವರಾಗುವುದು ಹೇಗೆ ಎಂಬುದು ಪ್ರಶ್ನೆ. ಪಕ್ಕದವನ ಜಾತಿ, ಊರು, ಸಂಬಳ ಗೊತ್ತಿಲ್ಲ. ಅವನ ಕೈಯಲ್ಲಿನ ಕಡಲೆಕಾಯಿ ಮಾತ್ರ ನಮ್ಮ ಕೈಗೂ ಬರುತ್ತದೆ. ಸಿಕ್ಸರ್ ಬಿದ್ದಾಗ ಅವನನ್ನು ತಬ್ಬಿಕೊಂಡಿರುತ್ತೇವೆ. ಪಂದ್ಯ ಮುಗಿದ ಮೇಲೆ ಹೆಸರು ಕೇಳದೆ ಬೀಳ್ಕೊಡುತ್ತೇವೆ.

ಆ ಬಳಗಕ್ಕೊಂದು ವಾಕ್ಯವಿದೆ. ‘ಈ ಸಲ ಕಪ್ ನಮ್ದೇ.’ ಇದನ್ನು ಕನ್ನಡ ವಿದ್ಯಾರ್ಥಿಗಳು ಘೋಷಣೆಯೆಂದು ಕೇಳಿ ಬಿಟ್ಟುಬಿಡಬಾರದು, ವಾಕ್ಯವೆಂದು ನೋಡಬೇಕು. ಮೊದಲನೆಯದಾಗಿ ಇದರಲ್ಲಿ ಕ್ರಿಯಾಪದವೇ ಇಲ್ಲ. ‘ಅವನು ನಮ್ಮ ಅಣ್ಣ’ ಎಂಬಂತೆ ಇದು ನಾಮಪದಗಳ ಮೇಲೆ ನಿಂತ ವಾಕ್ಯ. ಆದ್ದರಿಂದ ಕಾಲವೂ ಇಲ್ಲ: ಗೆದ್ದೆವು ಎಂದೂ ಅಲ್ಲ, ಗೆಲ್ಲುತ್ತೇವೆ ಎಂದೂ ಅಲ್ಲ. ಎರಡನೆಯದಾಗಿ ‘ಈ ಸಲ’ ಎಂಬುದು ಆಡಿದ ಹೊತ್ತಿಗೆ ತಕ್ಕಂತೆ ಅರ್ಥ ಬದಲಿಸುವ ಮಾತು. ಹೋದ ವರ್ಷದ ‘ಈ ಸಲ’ ಬೇರೆ, ಈ ವರ್ಷದ್ದು ಬೇರೆ. ಹಾಗಾಗಿ ತಂಡ ಎಷ್ಟು ಸಲ ಸೋತರೂ ವಾಕ್ಯ ಸುಳ್ಳಾಗಿ ಹಳಸುವುದಿಲ್ಲ. ಯುಗಾದಿಯ ಬೇವಿನಂತೆ ಮರುವರ್ಷ ಮತ್ತೆ ಚಿಗುರುತ್ತದೆ. ರಾಯಲ್ ಚಾಲೆಂಜರ್ಸ್ ತಂಡ 2009, 2011, 2016ರಲ್ಲಿ ಅಂತಿಮ ಪಂದ್ಯಕ್ಕೆ ಹೋಗಿ ಮೂರು ಬಾರಿಯೂ ಸೋತಿತು. ಅದರಲ್ಲಿ 2016ರದು ಚಿನ್ನಸ್ವಾಮಿಯಲ್ಲಿಯೇ, ಕೇವಲ 8 ರನ್‌ಗಳಿಂದ. ಎದುರಾಳಿ ತಂಡಗಳವರು ಇದೇ ವಾಕ್ಯವನ್ನು ಅಣಕವಾಗಿ ಹಿಂದಕ್ಕೆ ಎಸೆದರು. 2023ರಲ್ಲಿ ನಾಯಕ ಫಾಫ್ ಡು ಪ್ಲೆಸಿ ‘ನಮ್ದೇ’ ಎನ್ನಲು ಹೋಗಿ ‘ನಹಿ’ ಎಂದುಬಿಟ್ಟಾಗ ಪಕ್ಕದಲ್ಲಿದ್ದ ವಿರಾಟ್ ಕೊಹ್ಲಿಗೇ ನಗು ತಡೆಯಲಾಗಲಿಲ್ಲ. ಅಷ್ಟಾದರೂ ವಾಕ್ಯ ಉಳಿಯಿತು.

ಮೂರನೆಯದು ಕೊನೆಯ ‘ಏ’. ಅವಧಾರಣೆಯ ಈ ಪ್ರತ್ಯಯ ಮರಾಠಿಯ ‘ಚ’ಕ್ಕೆ ಸಮ. 2024ರ ಮಾರ್ಚ್ 17ರಂದು ದಿಲ್ಲಿಯಲ್ಲಿ ಬೆಂಗಳೂರಿನ ಮಹಿಳಾ ತಂಡ ಕಪ್ ಗೆದ್ದಿತು. ಆಗ ನಾಯಕಿ ಸ್ಮೃತಿ ಮಂಧಾನಾ, ಇಷ್ಟು ದಿನ ‘ನಮ್ದೇ’ ಎನ್ನುತ್ತಿದ್ದುದು ಇನ್ನು ‘ನಮ್ದು’ ಎಂದರು. ಕನ್ನಡ ತಮ್ಮ ಮೊದಲ ಭಾಷೆಯಲ್ಲವಾದರೂ ಅಭಿಮಾನಿಗಳಿಗಾಗಿ ಇದನ್ನು ಹೇಳಬೇಕಿತ್ತು ಎಂದೂ ಸೇರಿಸಿದರು. ಅವರು ಬೆಳೆದದ್ದು ಸಾಂಗಲಿಯಲ್ಲಿ, ಕನ್ನಡದ ಗಾಳಿ ಬೀಸುವಷ್ಟು ಹತ್ತಿರದ ಮರಾಠಿ ಊರಿನಲ್ಲಿ. ಆ ಒಂದು ಸ್ವರದ ಬದಲಾವಣೆಯಲ್ಲಿ ವ್ಯಾಕರಣದ ಒಂದು ಪಾಠವೇ ಇದೆ. ಕೈಯಲ್ಲಿಲ್ಲದ ವಸ್ತುವನ್ನು ನಮ್ಮದೆಂದು ಸಾಧಿಸಬೇಕಾದಾಗ ‘ಏ’ ಬೇಕು. ವಸ್ತು ಕೈಗೆ ಬಂದ ಮೇಲೆ ಅದರ ಅಗತ್ಯವಿಲ್ಲ. ತರಗತಿಯಲ್ಲಿ ಅವಧಾರಣೆಯ ಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆದರೆ ನನ್ನ ಗಮನ ಹೆಚ್ಚು ನಿಂತಿರುವುದು ‘ನಮ್’ ಎಂಬ ಮೊದಲ ಭಾಗದ ಮೇಲೆ. ಬೊಮ್ಮನಹಾಳಿನ ಕಡೆಯ ನಮ್ಮ ವಿದ್ಯಾರ್ಥಿಗಳು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಆಡುವವರಾದ್ದರಿಂದ ಅವರಿಗೆ ಇದು ಒಡನೆ ತಿಳಿಯುತ್ತದೆ. ತೆಲುಗಿನಲ್ಲಿ ‘ನಾವು’ ಎನ್ನಲು ಎರಡು ಪದಗಳು. ಕೇಳುವವನನ್ನೂ ಸೇರಿಸಿಕೊಂಡರೆ ‘ಮನಮು’, ಬಿಟ್ಟರೆ ‘ಮೇಮು’. ಮರಾಠಿಯಲ್ಲೂ ಅಷ್ಟೇ: ಸೇರಿಸಿಕೊಂಡರೆ ‘ಆಪಣ’, ಬಿಟ್ಟರೆ ‘ಆಮ್ಹೀ’. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಆದ್ದರಿಂದ ‘ಕಪ್ ನಮ್ದೇ’ ಎಂಬುದನ್ನು ತೆಲುಗಿಗೆ ತರಬೇಕಾದವನು ತಡವರಿಸಬೇಕಾಗುತ್ತದೆ. ‘ಮನದೇ’ ಎನ್ನಬೇಕೇ, ‘ಮಾದೇ’ ಎನ್ನಬೇಕೇ? ಪಕ್ಕದ ಕುರ್ಚಿಯ ಅಪರಿಚಿತನ ಕಡೆ ತಿರುಗಿ ಹೇಳಿದರೆ ‘ಮನದೇ’: ನಿನ್ನದೂ ಹೌದು, ನನ್ನದೂ ಹೌದು. ಎದುರಿನ ಗ್ಯಾಲರಿಯ ಹಳದಿ ಅಂಗಿಯವರ ಕಡೆ ತಿರುಗಿ ಹೇಳಿದರೆ ‘ಮಾದೇ’: ನಮ್ಮದು, ನಿಮ್ಮದಲ್ಲ. ಗ್ಯಾಲರಿಯ ಗೆಳೆತನದ ಒಳಗುಟ್ಟು ಇಲ್ಲಿದೆ. ತಬ್ಬಿಕೊಳ್ಳುವುದು, ಸವಾಲೆಸೆಯುವುದು ಎರಡೂ ಅಲ್ಲಿ ಒಂದೇ ಉಸಿರಿನಲ್ಲಿ ನಡೆಯುತ್ತವೆ. ಬೇರೆ ನುಡಿಗಳು ಎರಡಾಗಿ ಒಡೆಯುವುದನ್ನು ಕನ್ನಡದ ‘ನಮ್ದೇ’ ಒಂದರಲ್ಲೇ ಹಿಡಿದಿಡುತ್ತದೆ.

ನಮ್ಮ ಗಡಿನಾಡಿಗೆ ಈ ‘ನಾವು’ ಬರಿಯ ವ್ಯಾಕರಣದ ಮಾತಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆಗೆ ಹೋದವು. ಬಳ್ಳಾರಿ ಪಟ್ಟಣ ಮೈಸೂರಿಗೆ ಬಂತು. ಹಗರಿಯ ಮರಳ ದಿಬ್ಬಗಳ ನಡುವಿನ ನಮ್ಮ ಹಳ್ಳಿಗಳಿಗೆ ಪೇಟೆ ಬಳ್ಳಾರಿಯಾಗಿಯೇ ಉಳಿಯಿತು, ಕಚೇರಿ ಅನಂತಪುರವಾಯಿತು. ಆಟದ ವಿಷಯದಲ್ಲೂ ಇಂಥದೇ ಇಬ್ಬಂದಿ. 2009ರ ಅಂತಿಮ ಪಂದ್ಯದಲ್ಲಿ ಬೆಂಗಳೂರನ್ನು 6 ರನ್‌ಗಳಿಂದ ಸೋಲಿಸಿದ ಡೆಕ್ಕನ್ ಚಾರ್ಜರ್ಸ್ ಹೈದರಾಬಾದಿನ ತಂಡ. 2016ರಲ್ಲಿ ಸೋಲಿಸಿದ ಸನ್‌ರೈಸರ್ಸ್ ಕೂಡ ಹೈದರಾಬಾದಿನದೇ. 2009ರಲ್ಲಿ ಹೈದರಾಬಾದು ನಮ್ಮ ರಾಜ್ಯದ ರಾಜಧಾನಿ. 2014ರ ಜೂನ್ 2ರಿಂದ ಅದು ತೆಲಂಗಾಣದ ಪಾಲು. ಆಂಧ್ರಪ್ರದೇಶಕ್ಕೆಂದು ಐಪಿಎಲ್‌ನಲ್ಲಿ ತಂಡವೇ ಇಲ್ಲ. ಹೀಗಿರುವಾಗ ರಾಯದುರ್ಗ, ಮಡಕಶಿರಗಳ ಹುಡುಗನೊಬ್ಬ ಕೆಂಪು ಅಂಗಿ ತೊಟ್ಟರೆ ಅದು ಜಾಹೀರಾತಿನ ಪ್ರಭಾವ ಎಂದು ತಳ್ಳಿಹಾಕುವವರನ್ನು ನಾನು ಒಪ್ಪಲಾರೆ. ಪಡಿತರ ಚೀಟಿ ಹೇಳದ ಯಾವುದೋ ಒಂದು ‘ನಾವು’ ಆ ಅಂಗಿಯಲ್ಲಿ ಅವನಿಗೆ ಸಿಗುತ್ತಿದೆ. ಅವನ ಪಕ್ಕದ ಮನೆಯ ತೆಲುಗು ಹುಡುಗನೂ ಅದೇ ಅಂಗಿ ತೊಟ್ಟು ಅದೇ ಕನ್ನಡ ವಾಕ್ಯ ಕೂಗುತ್ತಾನೆ ಎಂಬುದು ಇನ್ನೂ ಸ್ವಾರಸ್ಯಕರ. ಗಡಿ ಆಯೋಗಗಳಿಂದ ಆಗದ ಕೆಲಸವಿದು.

ಹೆಸರಿಗೂ ಆಟಕ್ಕೂ ಇರುವ ನಂಟು ಕರ್ನಾಟಕದಲ್ಲಿ ಹಳೆಯದು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಆ 1973-74ರ ಋತುವಿನಲ್ಲೇ ಎರಪಳ್ಳಿ ಪ್ರಸನ್ನ ಅವರ ನಾಯಕತ್ವದ ತಂಡ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. ಬೆಂಗಳೂರಿನಲ್ಲಿ ನಡೆದ ಉಪಾಂತ್ಯದಲ್ಲಿ ಸೋತದ್ದು ಬೊಂಬಾಯಿ, ಅದಕ್ಕೆ ಹಿಂದೆ ಸತತ 15 ವರ್ಷ ಆ ಟ್ರೋಫಿಯನ್ನು ಬಿಟ್ಟುಕೊಡದಿದ್ದ ತಂಡ. ಗುಂಡಪ್ಪ ವಿಶ್ವನಾಥ್ 162 ರನ್ ಹೊಡೆದ ಆ ಪಂದ್ಯದಲ್ಲಿ ಅಜಿತ್ ವಾಡೇಕರ್ ರನ್ ಔಟ್ ಆದದ್ದನ್ನು ನಮ್ಮ ಕಡೆಯ ಮರಾಠಿ ಮನೆಗಳಲ್ಲಿ ಬಹುಕಾಲ ನಿಟ್ಟುಸಿರಿನೊಂದಿಗೆ ನೆನೆಯುತ್ತಿದ್ದರು, ಕನ್ನಡ ಮನೆಗಳಲ್ಲಿ ನಗುತ್ತ ನೆನೆಯುತ್ತಿದ್ದರು. ಎರಡು ಮನೆಗಳಿಗೂ ಹೋಗಿಬರುವ ಹುಡುಗ ಯಾವ ಮುಖ ಮಾಡಬೇಕೆಂಬುದನ್ನು ಹೊಸ್ತಿಲಿನಲ್ಲೇ ನಿರ್ಧರಿಸಬೇಕಿತ್ತು.

ಇನ್ನು ಗ್ಯಾಲರಿಯ ಒಳಗಿನ ನಡೆ. ಇದನ್ನು ಅರಿಯಲು ನಮ್ಮ ಪಠ್ಯದಲ್ಲಿಯೇ ಒಂದು ಸಾಧನವಿದೆ. ಭರತನ ನಾಟ್ಯಶಾಸ್ತ್ರದ 27ನೆಯ ಅಧ್ಯಾಯ ಸಿದ್ಧಿಯನ್ನು ಕುರಿತದ್ದು. ಪ್ರಯೋಗ ಸಫಲವಾಯಿತೆಂದು ತಿಳಿಯುವುದು ಹೇಗೆ? ನೋಡುವವರಿಂದ. ಭರತ ಮಾನುಷೀ ಸಿದ್ಧಿಯನ್ನು ಮಾತಿನದು, ಮೈಯದು ಎಂದು ಎರಡಾಗಿ ವಿಂಗಡಿಸುತ್ತಾನೆ. ಮಾತಿನದರಲ್ಲಿ ಮುಗುಳ್ನಗೆ, ಅಟ್ಟಹಾಸ, ‘ಸಾಧು’, ‘ಅಹೋ’, ‘ಕಷ್ಟಂ’ ಎಂಬ ಉದ್ಗಾರಗಳು, ಮತ್ತೆ ಏರುತ್ತ ಹೋಗುವ ಕೂಗು. ಮೈಯದರಲ್ಲಿ ರೋಮಾಂಚನ, ಕುಳಿತಲ್ಲಿಂದ ಎದ್ದು ನಿಲ್ಲುವುದು, ಬಟ್ಟೆಯನ್ನು ಕೊಡುವುದು, ಬೆರಳೆತ್ತುವುದು. ಇದನ್ನು ಓದಿದ ಮೇಲೆ ಚಿನ್ನಸ್ವಾಮಿಯ ಯಾವುದೇ ಪಂದ್ಯದ ಗ್ಯಾಲರಿಯನ್ನು ನೋಡಿರಿ, ಒಂದೂ ಬಿಟ್ಟುಹೋಗಿಲ್ಲ. ‘ಚೇಲದಾನ’ ಎಂಬುದು ನಮ್ಮ ಬಯಲಾಟಗಳಲ್ಲಿ ವೇಷಧಾರಿಗೆ ಮಾಡುವ ಆಯೇರಾಗಿ ಉಳಿದಿತ್ತು. ಈಗ ತಲೆಯ ಮೇಲೆ ಬೀಸುವ ಅಂಗಿಯಾಗಿದೆ. ಪಾತ್ರ ಸಂತೋಷಪಟ್ಟಾಗ ಸಂತೋಷಪಡುವವನು, ದುಃಖಿಸಿದಾಗ ದುಃಖಿಸುವವನು, ದೀನವಾದಾಗ ದೀನನಾಗುವವನೇ ನಿಜವಾದ ಪ್ರೇಕ್ಷಕ ಎಂದೂ ಭರತ ಹೇಳುತ್ತಾನೆ. ಬೇಸ್‌ಬಾಲ್ ಕೂಟಗಳಲ್ಲಿ ಇದೇ ವಿಧಿಯ ಬೇರೆ ರೂಪಗಳಿವೆ. ಅಮೆರಿಕದಲ್ಲಿ ಏಳನೆಯ ಇನಿಂಗ್ಸಿನ ನಡುವೆ ಎಲ್ಲರೂ ಎದ್ದು ನಿಂತು ಕೂಡಿ ಹಾಡುತ್ತಾರೆ. ಜಪಾನಿನಲ್ಲಿ ಒಬ್ಬೊಬ್ಬ ಬ್ಯಾಟುಗಾರನಿಗೂ ಒಂದೊಂದು ಹಾಡು ಕಟ್ಟಿ, ಕಹಳೆ ತಮಟೆಗಳೊಡನೆ ಮೇಳದ ಮುಖಂಡರು ಇಡೀ ಗ್ಯಾಲರಿಯನ್ನು ಹಾಡಿಸುತ್ತಾರೆ.

ಸೋಲಿನ ಪಾಲುದಾರಿಕೆ ಗೆಲುವಿನದಕ್ಕಿಂತ ಗಟ್ಟಿ ಎಂಬುದಕ್ಕೂ ಬೇಸ್‌ಬಾಲಿನಿಂದಲೇ ಸಾಕ್ಷಿ ಸಿಗುತ್ತದೆ. ಚಿಕಾಗೊ ಕಬ್ಸ್ 1908ರಲ್ಲಿ ಗೆದ್ದ ಬಳಿಕ ಮತ್ತೆ ಗೆದ್ದದ್ದು 2016ರಲ್ಲಿ, 108 ವರ್ಷಗಳ ಮೇಲೆ. ಜಪಾನಿನ ಹಾನ್‌ಶಿನ್ ಟೈಗರ್ಸ್ 1985ರ ನಂತರ 2023ರವರೆಗೆ ಕಾಯಿತು. ಈ ನಡುವೆ ಅವುಗಳ ಗ್ಯಾಲರಿಗಳು ಬರಿದಾಗಲಿಲ್ಲ. ಅಜ್ಜನಿಂದ ಮೊಮ್ಮಗನಿಗೆ ಬಂದದ್ದು ಕಾಯುವ ಹಕ್ಕು. ಬೆಂಗಳೂರಿನ 18 ಋತುಗಳು ಇದರ ಮುಂದೆ ಸಣ್ಣವೇ. ಆದರೂ ಆ ಮನೋಧರ್ಮ ಒಂದೇ. ಗೆಲ್ಲುವ ತಂಡದ ಹಿಂದೆ ಹೋಗಲು ಕಾರಣ ಬೇಕಿಲ್ಲ. ಸೋಲುವ ತಂಡದ ಜೊತೆ ಉಳಿದವರು ಪರಸ್ಪರರಿಗೆ ಸಾಕ್ಷಿಗಳಾಗುತ್ತಾರೆ.

ಇದರ ಅತಿ ಶುದ್ಧ ರೂಪ ಕಂಡದ್ದು 2025ರ ಮೇ 17ರಂದು ಎಂದು ನನ್ನ ಅಭಿಪ್ರಾಯ. ಕೊಹ್ಲಿ ಮೇ 12ರಂದು ಟೆಸ್ಟ್ ಕ್ರಿಕೆಟ್ಟಿಗೆ ವಿದಾಯ ಹೇಳಿದ್ದರು. ಆ ಶನಿವಾರ ಕೋಲ್ಕತ್ತದ ವಿರುದ್ಧದ ಪಂದ್ಯಕ್ಕೆ ಬಂದ ಅಭಿಮಾನಿಗಳು ಕೆಂಪು ಬಿಟ್ಟು ಟೆಸ್ಟ್ ಆಟದ ಬಿಳಿ ಅಂಗಿಗಳನ್ನು ತೊಟ್ಟು ಬಂದರು. ಮಳೆ ಬಿಡಲಿಲ್ಲ. ಟಾಸ್ ಕೂಡ ಆಗಲಿಲ್ಲ. ಒಂದು ಚೆಂಡೂ ಬೀಳದ ಅಂಗಳದ ಸುತ್ತ ಬಿಳಿ ತೊಟ್ಟ ಸಾವಿರಾರು ಜನ ನೆನೆಯುತ್ತ ಕುಳಿತಿದ್ದರು. ನೋಡಲು ಆಟವಿಲ್ಲದಾಗ ಅವರು ನೋಡಿದ್ದು ಒಬ್ಬರನ್ನೊಬ್ಬರು. ಎಲಿಯಾಸ್ ಕನೆಟ್ಟಿ 1960ರಲ್ಲಿ ಪ್ರಕಟವಾದ ಗುಂಪು ಮತ್ತು ಅಧಿಕಾರವನ್ನು ಕುರಿತ ತನ್ನ ಗ್ರಂಥದಲ್ಲಿ ಹೇಳುವುದು ಇದನ್ನೇ. ಕ್ರೀಡಾಂಗಣದ ಜನಸಂದಣಿ ಒಂದು ಉಂಗುರ. ಅದು ನಗರಕ್ಕೆ ಬೆನ್ನು ತಿರುಗಿಸಿ ಕುಳಿತಿರುತ್ತದೆ. ಪ್ರತಿಯೊಬ್ಬನ ಎದುರಿಗೂ ತನ್ನಂಥ ಸಾವಿರ ಮುಖಗಳಿರುತ್ತವೆ. ಉಂಗುರ ತನ್ನನ್ನು ತಾನೇ ಕಾಣುತ್ತದೆ.

ಅಲ್ಲಿಂದ ಹದಿನೆಂಟು ದಿನಗಳ ಮೇಲೆ ಅದೇ ಕ್ರೀಡಾಂಗಣದ ಬಾಗಿಲುಗಳ ಹೊರಗೆ ನಡೆದದ್ದು ಎಲ್ಲರಿಗೂ ತಿಳಿದಿದೆ. ಜೂನ್ 3ರಂದು ಅಹಮದಾಬಾದಿನಲ್ಲಿ ತಂಡ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಕಪ್ ಗೆದ್ದಿತು. ಜೂನ್ 4ರಂದು ವಿಜಯೋತ್ಸವಕ್ಕೆ ಬಂದವರಲ್ಲಿ 11 ಮಂದಿ ಸತ್ತರು. ಹೆಚ್ಚಿನವರು ನಮ್ಮ ವಿದ್ಯಾರ್ಥಿಗಳ ವಯಸ್ಸಿನವರು. ಕ್ರೀಡಾಂಗಣ ಹಿಡಿಸುವುದು ಸುಮಾರು 35 ಸಾವಿರ ಜನರನ್ನು. ಬಂದವರು ಎರಡು ಮೂರು ಲಕ್ಷವೆಂದು ಮುಖ್ಯಮಂತ್ರಿಗಳು ಅಂದು ಹೇಳಿದರು. ಹೊಣೆ ಯಾರದೆಂಬ ವಿಚಾರಣೆ ಈ ಲೇಖನದ ವ್ಯಾಪ್ತಿಯದಲ್ಲ. ಭಾಷೆಯ ಅಧ್ಯಾಪಕನಾಗಿ ನಾನು ಹೇಳಬೇಕಾದದ್ದು ಒಂದು ಪದದ ಬಗ್ಗೆ.

ಕನ್ನಡ ಪತ್ರಿಕೆಗಳೆಲ್ಲ ಅದನ್ನು ‘ಕಾಲ್ತುಳಿತ’ ಎಂದು ಬರೆದವು. ತೆಲುಗಿನವು ‘ತೊಕ್ಕಿಸಲಾಟ’ ಎಂದವು. ಅಲ್ಲೂ ‘ತೊಕ್ಕು’ ಎಂದರೆ ತುಳಿ. ಮರಾಠಿಯ ಪದ ಬೇರೆ: ‘ಚೆಂಗರಾಚೆಂಗರಿ’. ‘ಚೆಂಗರಣೆ’ ಎಂದರೆ ಒತ್ತಡಕ್ಕೆ ಸಿಕ್ಕಿ ಹಿಚುಕಿಹೋಗುವುದು, ಜಜ್ಜಿಹೋಗುವುದು. ಇಂಥ ದುರಂತಗಳನ್ನು ಅಧ್ಯಯನ ಮಾಡಿದವರು ಹೇಳುವುದು ಮರಾಠಿಯ ಪದಕ್ಕೆ ಹತ್ತಿರವಾಗಿದೆ. ಒಂದು ಚದರ ಮೀಟರ್ ಜಾಗದಲ್ಲಿ ಆರೇಳು ಜನರಿಗಿಂತ ಹೆಚ್ಚು ನಿಂತಾಗ ಒಬ್ಬೊಬ್ಬನ ಇಚ್ಛೆಗೆ ಅಲ್ಲಿ ಬೆಲೆಯಿರುವುದಿಲ್ಲ. ಗುಂಪು ನೀರಿನಂತೆ ಅಲೆಯೇಳುತ್ತದೆ. ಜನ ನಿಂತಲ್ಲಿಯೇ ಎದೆ ಒತ್ತಿಹೋಗಿ ಉಸಿರು ಕಟ್ಟಿ ಸಾಯುತ್ತಾರೆ. ಯಾರ ಕಾಲೂ ಯಾರನ್ನೂ ತುಳಿದಿರಬೇಕೆಂದಿಲ್ಲ. ಹಿಂದಿನವನಿಗೆ ಮುಂದಿನವನ ಬೆನ್ನಷ್ಟೇ ಕಾಣುತ್ತದೆ, ಮುಂದೆ ಬಾಗಿಲು ಮುಚ್ಚಿದೆಯೆಂಬ ಸುದ್ದಿ ಅವನಿಗೆ ಮುಟ್ಟುವುದಿಲ್ಲ. ಒಳಗಿನ ಉಂಗುರಕ್ಕೆ ತನ್ನ ಮುಖ ಕಾಣುತ್ತಿತ್ತು. ಹೊರಗಿನ ಸಾಲಿಗೆ ಏನೂ ಕಾಣುವುದಿಲ್ಲ. ಬಳಗವಾಗಲು ಬೇಕಾದದ್ದು ಪ್ರೀತಿಯೊಂದೇ ಅಲ್ಲ, ಅಳತೆಯ ಜಾಗವೂ ಬೇಕು, ತೆರೆದ ದಾರಿಯೂ ಬೇಕು.

‘ಕಾಲ್ತುಳಿತ’ ಎಂದೊಡನೆ ಮನಸ್ಸು ತುಳಿದ ಕಾಲನ್ನು ಹುಡುಕುತ್ತದೆ, ಅಂದರೆ ಅಭಿಮಾನಿಯನ್ನೇ ಹುಡುಕುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1989ರ ಏಪ್ರಿಲ್ 15ರಂದು ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಇದೇ ಬಗೆಯಲ್ಲಿ 97 ಜನ ಪ್ರಾಣ ಕಳೆದುಕೊಂಡರು. ಬಹಳ ವರ್ಷ ಅಭಿಮಾನಿಗಳ ಪುಂಡಾಟಿಕೆಯೇ ಕಾರಣವೆಂಬ ಮಾತು ನಡೆಯಿತು. ಅವರ ತಪ್ಪೇನೂ ಇರಲಿಲ್ಲವೆಂದು ಪಂಚರ ತೀರ್ಪು ಬಂದದ್ದು 2016ರಲ್ಲಿ, 27 ವರ್ಷಗಳ ನಂತರ. ಅಷ್ಟು ಕಾಲ ಆ ಮನೆಗಳವರನ್ನು ಕೈಬಿಡದೆ ನಿಂತವರಲ್ಲಿ ಅದೇ ಗ್ಯಾಲರಿಯ ಬಳಗದವರೂ ಇದ್ದರು. ನಮ್ಮಲ್ಲಿ ‘ನೂಕುನುಗ್ಗಲು’ ಎಂಬ ಪದವೂ ಉಂಟು, ಅದರಲ್ಲೂ ನೂಕಿದವನ ಮೇಲೆಯೇ ಕಣ್ಣು. ‘ಇಕ್ಕಟ್ಟು’, ‘ಅಡಕತ್ತು’, ‘ಹಿಚುಕು’ ಇವುಗಳಿಂದ ಒಂದು ಹೊಸ ಪದ ಕಟ್ಟಲು ಸಾಧ್ಯವಿಲ್ಲವೇ? ‘ಒತ್ತುಸಾವು’ ಎಂಬುದು ನನಗೆ ತೋಚಿದ್ದು, ಅಷ್ಟು ಚೆನ್ನಾಗಿಲ್ಲ. ಬಯಲುಸೀಮೆಯ ಆಡುಮಾತಿನಲ್ಲಿ ಇದಕ್ಕಿಂತ ಸಹಜವಾದದ್ದು ಇರಲೇಬೇಕು. ಜಾತ್ರೆಯ ತೇರಿನ ಹಗ್ಗದ ಬಳಿ, ಬಸ್ಸಿನ ಬಾಗಿಲ ಬಳಿ ನಮ್ಮ ಅಜ್ಜಿಯಂದಿರು ಮಕ್ಕಳನ್ನು ಎಚ್ಚರಿಸುವಾಗ ಯಾವ ಮಾತು ಆಡುತ್ತಾರೆ?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಎರಡನೆಯ ವರ್ಷದ ಐಚ್ಛಿಕ ಕನ್ನಡ ವಿದ್ಯಾರ್ಥಿಗಳಿಗೆ ಒಂದು ಕಿರು ನಿಯೋಜನೆಯನ್ನು ಸೂಚಿಸಿದ್ದೇನೆ. 2024ರ ಸೆಪ್ಟೆಂಬರಿನಲ್ಲಿ ದುಲೀಪ್ ಟ್ರೋಫಿಯ ಪಂದ್ಯಗಳು ಅನಂತಪುರದ ಆರ್‌ಡಿಟಿ ಮೈದಾನಕ್ಕೆ ಬಂದಾಗ ಸುತ್ತಲ ಹಳ್ಳಿಗಳ ಜನ ಅಲ್ಲಿ ಕಲೆತಿದ್ದರು. ಬೆಂಗಳೂರಿನ ಮಯಾಂಕ್ ಅಗರ್ವಾಲ್ ನಾಯಕನಾಗಿ ಅಲ್ಲಿಯೇ ಟ್ರೋಫಿ ಎತ್ತಿದರು. ಅಂಥ ಕಡೆ, ಹಾಗೆಯೇ ಊರಿನ ಕಬಡ್ಡಿ, ಕಲ್ಲುಗುಂಡು ಎತ್ತುವ ಪಂದ್ಯ, ರಾತ್ರಿ ಹೋಟೆಲಿನ ಟಿವಿ, ಒಂದೇ ಮೊಬೈಲಿನ ಸುತ್ತ ಎಂಟು ತಲೆ ಸೇರುವ ಕಟ್ಟೆ, ಇಲ್ಲೆಲ್ಲ ನೋಡುಗರ ಬಾಯಿಂದ ಬರುವ ಉದ್ಗಾರಗಳನ್ನು ಇದ್ದದ್ದು ಇದ್ದಂತೆ ಬರೆದುಕೊಂಡು ಬರಬೇಕು. ಕನ್ನಡದ್ದು ಯಾವುದು, ತೆಲುಗಿನದು ಯಾವುದು, ಎರಡೂ ಬೆರೆತದ್ದು ಯಾವುದು ಎಂಬುದನ್ನು ಗುರುತಿಸಬೇಕು. ‘ನಾವು’ ಎಂದಾಗ ಯಾರ ಕಡೆ ನೋಡಿ ಎಂದರು ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕಬೇಕು. ಬೈಗುಳಗಳನ್ನು ಬಿಡಬೇಕಾಗಿಲ್ಲ, ಭರತನೂ ಪ್ರಯೋಗ ಕೆಡಿಸುವ ಘಾತಗಳ ಪಟ್ಟಿಯನ್ನು ಬಿಟ್ಟಿಲ್ಲ. ಹಾಳೆಗಳನ್ನು ದಸರಾ ರಜೆಯ ನಂತರ ವಿಭಾಗದ ಕಪಾಟಿನ ಎಡಗಡೆಯ ಖಾನೆಯಲ್ಲಿ ಇಡತಕ್ಕದ್ದು.